ಬಸವನ ಪಾಲಿನ ಕಲ್ಲು

ಗೌಡಿಕೆಯ ಮನೆತನದ ಪುಟ್ಟಬಸವಯ್ಯನವರ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡುವುದಿಲ್ಲ ಎಂದು ಊರವರು ಹೊಟ್ಟೆಕಿಚ್ಚುಪಡುತ್ತಿದ್ದ ಕಾಲವೊಂದಿತ್ತು. ಆ ಹೊಟ್ಟೆಕಿಚ್ಚನ್ನು ಆರಿಸಿದ್ದು ಒಂದು ಬಸವ.

ಸುದ್ದಿ ತಂದವಳು ಮೊಮ್ಮಗಳು ಕವನ. ಸ್ಕೂಲಿನಿಂದ ಬಂದವಳು ಚೀಲವನ್ನು ಜಗಲಿಯ ಮೇಲೆ ಎಸೆದು ಸೀದಾ ನಡುಮನೆಗೆ ನುಗ್ಗಿದಳು. ಅಲ್ಲಿ ಅವಳ ಅಮ್ಮ ಕೋಮಲ, ಅಜ್ಜಿ ಚಿಕ್ಕಬಸಮ್ಮ ಇಬ್ಬರೂ ಎದುರುಬದುರು ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು.

"ಅಮ್ಮಾ, ಬಸಪ್ಪ ಹಳ್ಳದ ಬೇಲಿ ಒಳಗೆ ಅದೆ. ಗಿಡ ಎಲ್ಲಾ ಮುರ್ದು ತಿಂತಾ ಅದೆ."

ಯಾವ ಬಸಪ್ಪ ಎಂದು ಕೇಳುವ ಅಗತ್ಯವಿರಲಿಲ್ಲ. ಊರಿಗೆ ಇದ್ದದ್ದು ಒಂದೇ.

"ಯಾರೂ ಓಡಿಸ್ಲಿಲ್ವಾ?"

"ದೇವರ ಬಸಪ್ಪನ್ನ ಓಡಿಸಬಾರ್ದಂತೆ."

"ಯಾರು ಹೇಳಿದ್ರು ಹಂಗೆ?"

ಕವನ ಅಜ್ಜಿಯ ಕಡೆ ನೋಡಿದಳು. ಚಿಕ್ಕಬಸಮ್ಮ ತಲೆಯೆತ್ತದೆ ಕಾಳು ಹಿತುಕುತ್ತಲೇ ಹೇಳಿದರು.

"ನಾನೇ ಯೋಳಿದ್ದು. ಅದ್ಕೇನೀಗ? ನಾಕು ಎಲೆ ತಿಂದ್ರೆ ನಿನ್ ಹಳ್ಳ ಬತ್ತೋಯ್ತದಾ?"

ಕೋಮಲ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಹೋಗುವಾಗ ದೇವರಗೂಡಿನ ಮುಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಎತ್ತಿಕೊಂಡಳು. ಅವಳ ಕೈಯೂ ದೊಣ್ಣೆಯ ಕಡೆ ಹೋಗಲಿಲ್ಲ. ಹರಕೆ ಬಸವನಿಗೆ ಹೊಡೆಯುವ ಧೈರ್ಯ ಕವಲಂದೆಯ ಸುತ್ತಮುತ್ತ ಯಾರಿಗಿದೆ? ಹಣ್ಣು ತೋರಿಸಿ, ಬಾ ಬಾ ಎಂದು ಬೇಡಿಕೊಂಡು, ಬೇಲಿಯಿಂದ ಆಚೆ ಕರೆತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹಣ್ಣು ಮುಗಿದ ಮೇಲೆ ಬಸವ ತಿರುಗಿ ಬೇಲಿಯ ಕಡೆ ನೋಡಿತು. ಹಳ್ಳದ ರುಚಿ ಅದಕ್ಕೆ ಹತ್ತಿಹೋಗಿತ್ತು.

ಊರ ಮೇಲಿನ ಗುಡ್ಡದಲ್ಲಿ ಹುಟ್ಟಿ, ಹೊಲಗಳ ಪಕ್ಕದಲ್ಲಿ ಹರಿದು, ರಸ್ತೆಯ ಮೋರಿ ದಾಟಿ ಹೋಗುವ ಆ ಹಳ್ಳಕ್ಕೆ ಮತ್ತಿಹಳ್ಳವೆಂದು ಹೆಸರು. ಎರಡು ದಂಡೆಯಲ್ಲೂ ಹೊಳೆಮತ್ತಿ, ಹೊಂಗೆ, ನೇರಳೆ ಒತ್ತೊತ್ತಾಗಿ ಇದ್ದವಂತೆ. ಇಟ್ಟಿಗೆ ಗೂಡುಗಳು ಬಂದ ಮೇಲೆ ಒಂದೊಂದಾಗಿ ಒಲೆ ಸೇರಿದವು. ಉಳಿದದ್ದು ಮೋರಿಯ ಹತ್ತಿರದ ನಾಲ್ಕು ಹಳೆಯ ಮತ್ತಿ ಮರಗಳು. ಮರ ಹೋದ ಮೇಲೆ ಗುಡ್ಡದ ಮಣ್ಣು ಇಳಿದು ಹಳ್ಳ ತುಂಬಿತು, ಮಳೆಗಾಲ ಮುಗಿದ ಮಾರನೇ ತಿಂಗಳೇ ಬಾವಿಗಳ ತಳ ಕಾಣತೊಡಗಿತು.

ಆಮೇಲೆ ಜಲಾನಯನ ಯೋಜನೆಯವರು ಜೀಪಿನಲ್ಲಿ ಬಂದರು. ಗುಡ್ಡದ ಇಳಿಜಾರಿಗೆ ಬದು ಹಾಕಿಸಿದರು, ದಂಡೆಗೆ ಸಸಿ ಕೊಟ್ಟರು, ಊರವರದೇ ಒಂದು ಸಮಿತಿ ಮಾಡಿ ಫೋಟೋ ತೆಗೆಸಿಕೊಂಡು ಹೋದರು. ಜೀಪು ಹೋಯಿತು, ಹಳ್ಳ ಉಳಿಯಿತು. ಪಿಯುಸಿ ಓದಿದ್ದಾಳೆ, ಬರೆಯುವುದಕ್ಕೆ ಬರುತ್ತದೆ ಎಂದು ಕೋಮಲಳನ್ನು ಸಮಿತಿಯ ಕಾರ್ಯದರ್ಶಿ ಮಾಡಿದ್ದರು. ಅವಳು ಬರೆಯುವುದನ್ನಷ್ಟೇ ಮಾಡಿಕೊಂಡಿದ್ದರೆ ಎಲ್ಲರಿಗೂ ಸುಖವಿತ್ತು. ಆದರೆ ತಲಕಾಡಿನಲ್ಲಿ ಮರಳು ನೋಡಿಕೊಂಡು ಬೆಳೆದವಳಿಗೆ ನೆಲ ಹಿಡಿದು ನಿಲ್ಲುವ ಮರವೆಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ದಂಡೆಯುದ್ದಕ್ಕೂ ಮುಳ್ಳಿನ ಬೇಲಿ ಕಟ್ಟಿಸಿದಳು. ಒಂದು ನಿಯಮವನ್ನೂ ಮಾಡಿಸಿದಳು: ಯಾರ ದನ, ಕುರಿ, ಮೇಕೆ ಬೇಲಿಯೊಳಗೆ ಹೊಕ್ಕರೂ, ಅದರ ಒಡೆಯರು ಒಂದು ದಿನ ಹಳ್ಳಕ್ಕೆ ಅಡ್ಡಲಾಗಿ ಕಟ್ಟುತ್ತಿದ್ದ ಕಟ್ಟೆಗೆ ಕಲ್ಲು ಹೊರಬೇಕು. ದುಡ್ಡು ಬಿಸಾಕಿ ತಪ್ಪಿಸಿಕೊಳ್ಳುವಂತಿಲ್ಲ, ಬದಲಿ ಆಳನ್ನು ಕಳಿಸುವಂತಿಲ್ಲ.

ಈ ಬದಲಿ ಇಲ್ಲ ಎನ್ನುವುದೇ ನಿಯಮದ ಜೀವ. ಸಮಿತಿಯ ಅಧ್ಯಕ್ಷ ಚಿಕ್ಕಸ್ವಾಮಿಯ ತಮ್ಮನೇ ಒಮ್ಮೆ ಪ್ಯಾಂಟು ಮಡಚಿಕೊಂಡು ಕಲ್ಲು ಹೊತ್ತು ಊರಿಗೆಲ್ಲ ನಗೆಪಾಟಲಾಗಿದ್ದ. ಕೆಳಗಿನ ಬೀದಿಯ ಚಿಕ್ಕಮಾದಮ್ಮ ತನ್ನ ಎರಡು ಮೇಕೆಗಳ ಪರವಾಗಿ ಸುಡುಬಿಸಿಲಲ್ಲಿ ಹೊತ್ತಿದ್ದಳು. ಹೊತ್ತವರು ಬೈದುಕೊಂಡರು, ಆದರೆ ಮತ್ತೆ ದನಕರು ಬಿಡಲಿಲ್ಲ. ಸಸಿಗಳು ಎದೆಮಟ್ಟ ಬಂದವು. ಹೋದ ಬೇಸಗೆಯಲ್ಲಿ ಪುಟ್ಟಬಸವಯ್ಯನವರ ಹಿತ್ತಲ ಬಾವಿಯಲ್ಲೂ ಬಿಂದಿಗೆ ಪೂರ್ತಿ ಮುಳುಗಿತು.

ಈಗ ಅದೇ ಮನೆಯಿಂದ ಬಿಟ್ಟ ಬಸವ ಬೇಲಿ ಮುರಿದಿತ್ತು. ಅದಕ್ಕೆ ಒಡೆಯರು ಯಾರು?

ಅದನ್ನು ಬಿಟ್ಟವರು ಚಿಕ್ಕಬಸಮ್ಮ. ಮಗ ಗುರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕೆಲವು ವರ್ಷಗಳ ಹಿಂದೆ ಕೆಲಸ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ಮೈಸೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಆಗ ಚಿಕ್ಕಬಸಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಮಗ ಎದ್ದು ಕೂತರೆ ಮನೆಯ ಹಸು ಹಾಕುವ ಗಂಡುಕರುವನ್ನು ಮುಡುಕುತೊರೆ ಮಲ್ಲಪ್ಪನಿಗೆ ಬಿಡುತ್ತೇನೆಂದು ಹರಸಿಕೊಂಡಿದ್ದರು. ಮಗ ಎದ್ದು ಕೂತ. ಕರುವನ್ನು ಮುಡುಕುತೊರೆ ಗುಡ್ಡ ಹತ್ತಿಸಿ, ಪೂಜೆ ಮಾಡಿಸಿ, ಊರಿಗೆ ತಂದು ಬಿಟ್ಟರು. ಅಂದಿನಿಂದ ಅದನ್ನು ಕಟ್ಟುವಂತಿಲ್ಲ, ಉಳುವಂತಿಲ್ಲ, ಮಾರುವಂತಿಲ್ಲ.

ಆ ವಾರವೆಲ್ಲ ಬಸವ ಬೇಲಿ ನುಗ್ಗಿತು. ಕೋಮಲ ಮುಳ್ಳು ಒತ್ತಿ ಕಟ್ಟಿದ ಕಡೆ ಬಿಟ್ಟು ಇನ್ನೊಂದು ಕಡೆ ನುಗ್ಗಿತು.

"ಅತ್ತೆ, ಹಗಲು ಹೊತ್ತು ಮಾತ್ರ ಕೊಟ್ಟಿಗೇಲಿ ಕಟ್ಟೋಣ. ಮೇವು ನಾನೇ ತರ್ತೀನಿ," ಎಂದಳು ಊಟಕ್ಕೆ ಬಡಿಸುತ್ತಾ.

ಚಿಕ್ಕಬಸಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

"ನಿನ್ ತಾಳಿ ಉಳಿಸಿದ ಬಸವ ಕಣೆ ಅದು. ಕಟ್ಟಾಕ್ತೀನಿ ಅಂತ ಬಾಯಲ್ಲಿ ಎಂಗ್ ಬತ್ತದೆ ನಿಂಗೆ?"

"ತಾಳಿ ನಂದೇ ಅತ್ತೆ. ನಂಗೆ ಭಯ ಇಲ್ಲ ಅಂದ್ಕೊಂಡಿದ್ದೀರಾ? ಆದ್ರೆ ಚಿಕ್ಕಮಾದಮ್ಮನ ಕೈಲಿ ಕಲ್ಲು ಹೊರ್ಸಿದವಳೂ ನಾನೇ. ಇನ್ನು ಯಾವ ಮುಖ ಇಟ್ಕೊಂಡು ಅವಳ ಮೇಕೆ ತಡೀಲಿ?"

"ತಡೀಬ್ಯಾಡ. ಹಳ್ಳ ಏನು ನಿಮ್ಮಪ್ಪನ ಮನೆಯಿಂದ ತಂದಿದ್ದಾ?"

"ಅಪ್ಪನ ಮನೆ ಸುದ್ದಿ ಯಾಕೆ ಬೇಕು ಈಗ?"

"ಬುಡ್ರವ್ವಾ, ಅನ್ನದ ಮುಂದೆ," ಎಂದರು ಪುಟ್ಟಬಸವಯ್ಯ. ಇಬ್ಬರೂ ಅವರ ಕಡೆ ತಿರುಗಿದ್ದನ್ನು ಕಂಡು ಸಾರು ಕಲಸಿಕೊಳ್ಳತೊಡಗಿದರು.

ಮಾರನೇ ದಿನ ಚಿಕ್ಕಬಸಮ್ಮ ಹಿತ್ತಲಲ್ಲಿ ನೀರು ಕಾಯಿಸುವ ಒಲೆಯ ಮೇಲೆ ಬೇರೆಯಾಗಿ ಹಿಟ್ಟು ಬೇಯಿಸಿಕೊಂಡರು. ಸೊಸೆ ಮಾಡಿದ್ದನ್ನು ಮುಟ್ಟಲಿಲ್ಲ. ಒಂದೇ ಸೂರಿನಡಿ ಎರಡು ಒಲೆ ಹತ್ತಿದವು. ಅಡಕತ್ತರಿಯ ನಡುವಿನ ಅಡಿಕೆಯಾದವರು ಪುಟ್ಟಬಸವಯ್ಯ. ಒಳಗೆ ಕೋಮಲ "ಮಾವ, ಊಟಕ್ಕೆ ಬನ್ನಿ" ಎಂದರೆ ಹೋಗಿ ಒಂದು ಮುದ್ದೆ ಉಂಡರು. ಹಿತ್ತಲಿಗೆ ಕೈ ತೊಳೆಯಲು ಬಂದರೆ ಹೆಂಡತಿ ಇನ್ನೊಂದು ಮುದ್ದೆ ಇಟ್ಟುಕೊಂಡು ಕೂತಿದ್ದರು.

"ಈಗ್ ತಾನೆ..." ಎಂದರು.

"ಏನು ಈಗ್ ತಾನೆ? ನಾನ್ ಬೇಯಿಸಿದ್ದು ಸೇರಾಕಿಲ್ವಾ?"

ಅದನ್ನೂ ಉಂಡರು. ಮೂರ್ನಾಲ್ಕು ದಿನಕ್ಕೇ ಅವರ ಹೊಟ್ಟೆ ಕೆಟ್ಟು ಜೀರಿಗೆ ಕಷಾಯದ ಮೇಲೆ ಬಂದು ನಿಂತಿತು. ಆ ಕಷಾಯವನ್ನೂ ಇಬ್ಬರೂ ಬೇರೆಬೇರೆಯಾಗಿ ಕಾಯಿಸಿದರು.

ಭಾನುವಾರ ಗುರುವಿಗೆ ರಜ. ತಿಂಡಿ ತಿಂದವನೇ ಕೊಟ್ಟಿಗೆಯಿಂದ ಹಗ್ಗ ತೆಗೆದುಕೊಂಡು ಹೊರಟ. ಬಸವ ಮನೆಯ ಮುಂದೆಯೇ ಮೆಲುಕು ಹಾಕುತ್ತಾ ನಿಂತಿತ್ತು.

"ನನ್ ಹೆಸರಲ್ಲಿ ಬಿಟ್ಟಿದ್ದು ತಾನೆ? ನಾನೇ ಕಟ್ಟಾಕ್ತೀನಿ. ಏನಾಗ್ತದೋ ನನಗೇ ಆಗ್ಲಿ."

ಆ ಮಾತು ಆಡಬಾರದಿತ್ತು. ಚಿಕ್ಕಬಸಮ್ಮ ಪೊರಕೆ ಬಿಸಾಕಿ ಓಡಿಬಂದು ಬಸವನ ಕೊರಳಿಗೆ ಅಡ್ಡ ನಿಂತರು.

"ಕಟ್ಟು. ಮೊದ್ಲು ನನ್ ಕತ್ತಿಗೆ ಕಟ್ಟು. ಡಾಕ್ಟ್ರು ಕೈಚೆಲ್ಲಿದ್ರು ಕಣ್ಲಾ. ನಿನ್ ಹೆಡ್ತಿ ಗೋಡೆಗೆ ತಲೆ ಆನಿಸ್ಕಂಡು ಕೂತಿದ್ಲು. ಅವತ್ತು ಯಾವ ಹಳ್ಳ ಬಂದಿತ್ತು ನಿನ್ನ ಉಳ್ಸಕೆ?"

ಎರಡೂ ಕೈಯಿಂದ ಬಸವನ ಕೊರಳನ್ನು ತಬ್ಬಿಕೊಂಡರು. ಅದು ಹಟವಲ್ಲ, ಭಯ. ಕಟ್ಟಿದ ಕ್ಷಣವೇ ಮಗ ಮತ್ತೆ ಆಸ್ಪತ್ರೆಯ ಮಂಚದ ಮೇಲಿರುತ್ತಾನೆ ಎಂದು ಆ ತಾಯಿ ನಿಜವಾಗಿ ನಂಬಿದ್ದರು. ಗುರು ಹಗ್ಗವನ್ನು ಕೆಳಗೆ ಹಾಕಿದ. ಬಾಗಿಲಲ್ಲಿ ನಿಂತಿದ್ದ ಕೋಮಲ ಒಳಗೆ ಹೋಗಿ ಪಾತ್ರೆ ತಿಕ್ಕಿದಳು. ಅತ್ತೆಯ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಕನಿಕರ ಬಂದಿತ್ತು. ಅದೇ ಕಷ್ಟವಾಗಿತ್ತು.

ಅಂದಿನಿಂದ ಚಿಕ್ಕಬಸಮ್ಮ ದಿನವೂ ಬಸವನ ಹಿಂದೆ ಹಳ್ಳದ ಕಡೆ ಹೋಗತೊಡಗಿದರು. ಯಾರಾದರೂ ಹೊಡೆದಾರು ಎಂಬ ದಿಗಿಲು. ಅದು ತಿನ್ನುವುದನ್ನು ತಡೆಯುತ್ತಿರಲಿಲ್ಲ, ದಂಡೆಯ ಮೇಲೆ ಕೂತು ನೋಡುತ್ತಿದ್ದರು, ಅಷ್ಟೆ.

ಸಂಕ್ರಾಂತಿ ಕಳೆದ ವಾರ ಕವನ ಮತ್ತೆ ಓಡಿಬಂದಳು. ಈ ಸಲ ಮೇಕೆಗಳು. ಕೋಮಲ ಹೋಗಿ ನೋಡಿದರೆ ಚಿಕ್ಕಮಾದಮ್ಮ ಬೇಲಿಯ ಗಂಡಿಯಲ್ಲಿ ಕೋಲೂರಿಕೊಂಡು ನಿಂತಿದ್ದಳು. ಮೇಕೆಗಳು ಒಳಗೆ ಹೊಂಗೆಯ ಚಿಗುರಿಗೆ ಮುಂಗಾಲು ಎತ್ತಿದ್ದವು. ಕದ್ದು ಮೇಯಿಸುವವಳಂತೆ ಅವಳು ನಿಂತಿರಲಿಲ್ಲ. ಕೋಮಲ ಬರಲಿ ಎಂದೇ ಕಾಯುತ್ತಿದ್ದಳು.

"ಏನಿದು ಚಿಕ್ಕಮಾದಮ್ಮ?"

"ಬಸಪ್ಪ ದಾರಿ ಮಾಡ್ಕೊಡ್ತು ಕಣವ್ವ. ಅದರ ಬಾಲ ಇಡ್ಕಂಡು ಬಂದೋ."

"ನೀನೇ ಹಿಂಗೆ ಮಾಡಿದ್ರೆ?"

"ನಾನೇನ್ ಮಾಡ್ದೆ? ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಕೋಮಲವ್ವ. ನನ್ ಕೈಲಿ ಕಲ್ಲು ಹೊರ್ಸಿದ್ರಿ, ಹೊತ್ತೆ. ಈಗ್ಲೂ ಹೊರ್ಸಿ, ಹೊರ್ತೀನಿ. ಆದ್ರೆ ಬಸಪ್ಪನ ಪಾಲಿನ ಕಲ್ಲು ಯಾರು ಹೊತ್ರು, ಅದೊಂದು ತೋರ್ಸ್ಬುಡಿ."

ಮೇಕೆಗಳನ್ನು ಚಿಕ್ಕಮಾದಮ್ಮನೇ ಹೊರಗೆ ಹೊಡೆದುಕೊಂಡಳು. ಆದರೆ ಗಂಡಿ ಗಂಡಿಯಾಗಿಯೇ ಇತ್ತು. ಇಂದು ಒಬ್ಬಳ ಮೇಕೆ, ನಾಳೆ ಊರಿನ ಮೇಕೆಯೆಲ್ಲ. ಸಸಿ ಹೋದ ಮೇಲೆ ದಂಡೆ ಕಾಯುವವರಿಲ್ಲ, ಕಾಯುವವರಿಲ್ಲದ ಮೇಲೆ ಉಳಿದ ನಾಲ್ಕು ಮತ್ತಿ ಮರಕ್ಕೂ ಗೂಡಿನ ದಾರಿಯೇ. ಮನೆಗೆ ಬಂದವಳು ಸಮಿತಿಯ ಕೆಲಸ ಬಿಡುವುದಾಗಿ ಗಂಡನಿಗೆ ಹೇಳಿದಳು.

ಸಂಜೆ ಶಾಲೆಯ ಜಗಲಿಯಲ್ಲಿ ಸಮಿತಿ ಸೇರಿತು. ಪುಟ್ಟಬಸವಯ್ಯ ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಬಂದರು.

"ನಿನ್ ಬಸಪ್ಪನ ನ್ಯಾಯ. ನೀನೂ ಬಾ."

"ನಾನ್ಯಾಕೆ? ನಿಮ್ ಸೊಸೆನೇ ಜಡ್ಜಮ್ಮ ಅವ್ಳಲ್ಲ."

"ಬಾ ಅಂದ್ರೆ ಬಾ. ಎರಡೆರಡು ಮುದ್ದೆ ಉಂಡು ಸಾಯಕಾಗಲ್ಲ ನಂಗೆ."

ಇಷ್ಟು ಗಟ್ಟಿಯಾಗಿ ಗಂಡ ಮಾತಾಡಿದ್ದನ್ನು ಚಿಕ್ಕಬಸಮ್ಮ ಬಹಳ ದಿನದಿಂದ ಕೇಳಿರಲಿಲ್ಲ. ಎದ್ದು ಹೊರಟರು.

ಜಗಲಿಯ ಮೇಲೆ ಚಿಕ್ಕಸ್ವಾಮಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಊರಿನ ದೊಡ್ಡ ಇಟ್ಟಿಗೆ ಗೂಡು ಅವನದೇ. ಬೇಲಿ ಬಂದ ಮೇಲೆ ಅವನಿಗೆ ಸೌದೆ ದೂರದಿಂದ ತರಿಸಬೇಕಾಗಿತ್ತು, ಅಧ್ಯಕ್ಷನಾದ್ದರಿಂದ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಚಿಕ್ಕಮಾದಮ್ಮ ತನ್ನ ಮಾತನ್ನು ಎದ್ದು ನಿಂತು ಮತ್ತೊಮ್ಮೆ ಹೇಳಿದಳು. ಎಲ್ಲರೂ ಕೋಮಲಳನ್ನು ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಸ್ವಾಮಿ ಕೈಯೆತ್ತಿದ.

"ದೇವರ ವಿಷ್ಯ, ಜಗಳ ಬ್ಯಾಡ. ಬಸಪ್ಪ ಬೇಲಿ ಮುರ್ದದೆ ಅಂದ್ರೆ ಏನರ್ಥ? ಮಲ್ಲಪ್ಪಂಗೇ ಬೇಲಿ ಬ್ಯಾಡ ಅಂತ. ಬೇಲಿ ತೆಗ್ದಾಕನ. ಮೋರಿ ತಾವ ಮತ್ತಿ ಮರಗಳು ಒಣಗ್ತಾ ಅವೆ, ಅವುನ್ನೂ ಕಡ್ಸಿ, ಬಂದ ದುಡ್ನಲ್ಲಿ ಗುಡಿಗೆ ಸುಣ್ಣಬಣ್ಣ ಮಾಡ್ಸನ. ಅಮ್ಮಾವ್ರೂ ಇಲ್ಲೇ ಅವ್ರೆ. ಏನಂತೀರಿ ಅಮ್ಮಾ?"

ತಮಗೆ ಜಯವಾಯಿತೆಂದು ಚಿಕ್ಕಬಸಮ್ಮ ನಗುತ್ತಾರೆಂದು ಜನ ಕಾದರು.

"ಯಾವ ಮರ ಒಣಗ್ತಾ ಅವೆ?" ಎಂದರು ಅವರು.

"ಮೋರಿ ತಾವ ಇರವು ಕಣಮ್ಮ."

"ದಿನಾ ಅದ್ರ ಕೆಳ್ಗೇ ಕೂತಿರ್ತೀನಿ ನಾನು. ನಾಕೂ ಹಸಿರಾಗಿ ನಿಂತವೆ. ಒಂದ್ ಒಣ ಕೊಂಬೆ ತೋರ್ಸು ಬಾ."

ಚಿಕ್ಕಬಸಮ್ಮನ ದನಿ ಏರಿತು.

"ನನ್ ಮಗ ಎದ್ದು ಕೂತ್ಕಳ್ಳಿ ಅಂತ ಮಲ್ಲಪ್ಪಂಗೆ ಬುಟ್ಟಿದ್ದು ಅದು. ನಿನ್ ಗೂಡಿಗೆ ಸೌದೆ ಆಗ್ಲಿ ಅಂತಲ್ಲ. ದೇವರ ಬಾಯಲ್ಲಿ ನಿನ್ ಮಾತ ಆಡುಸ್ತೀಯಾ?"

"ಹಂಗಲ್ಲಮ್ಮ. ಮತ್ತೆ ದಂಡ ಯಾರ್ಗೆ ಹಾಕದು? ದೇವ್ರಿಗೆ ಹಾಕಕಾಯ್ತದಾ?"

"ದೇವ್ರು ಬುಡು ಅಂತ ನನ್ನ ಕೇಳಿರ್ನಿಲ್ಲ. ಬುಟ್ಟವಳು ನಾನು."

ಆ ಮಾತು ತಮ್ಮ ಬಾಯಿಂದ ಬಂದದ್ದು ಅವರಿಗೇ ಹೊಸದಾಗಿತ್ತು. ಆಮೇಲೆ ಚಿಕ್ಕಮಾದಮ್ಮನ ಕಡೆ ತಿರುಗಿದರು.

"ಕಟ್ಟಾಕಲ್ಲ. ಆ ಮಾತ ಯಾರೂ ಆಡ್ಬ್ಯಾಡಿ. ದಿನಾ ಹಿಂದೆ ಓಗ್ತಾನೇ ಇವ್ನಿ, ಇನ್ ಮುಂದ್ಕೆ ನೋಡ್ತಾ ಕೂತ್ಕಳಲ್ಲ, ಕಾಯ್ತೀನಿ. ಕಣ್ ತಪ್ಸಿ ಒಳಕೋದ್ರೆ ಅದರ ಪಾಲಿನ ಕಲ್ಲು ನಂದು. ಇಷ್ಟ್ ದಿನ ಓಗಿರದ್ರದೂ ನಂದೇ. ನಾಳೆ ಬತ್ತೀನಿ, ಹೊರ್ಸಿ."

"ಅವ್ವಾ, ನಿಂಗೆ ಮಂಡಿನೋವು. ನಾನು ಹೊರ್ತೀನಿ," ಎಂದು ಗುರು ಎದ್ದ.

ಎಲ್ಲರ ಕಣ್ಣೂ ಮತ್ತೆ ಕಾರ್ಯದರ್ಶಿಯ ಮೇಲೆ. ಹೂಂ ಎಂದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ, ಚಿಕ್ಕಮಾದಮ್ಮನೂ ಅನ್ನುತ್ತಿರಲಿಲ್ಲವೇನೋ. ಕೋಮಲ ನೆಲ ನೋಡುತ್ತಾ ಹೇಳಿದಳು.

"ನಿಯಮದಲ್ಲಿ ಬದಲಿ ಇಲ್ಲ."

ಮನೆಯ ದಾರಿಯಲ್ಲಿ ಗುರು ಹೆಂಡತಿಯ ಮೇಲೆ ಹರಿಹಾಯ್ದ. "ಕರುಳಿಲ್ವೇನೇ ನಿಂಗೆ? ವಯಸ್ಸಾದ ಜೀವ ಅದು."

"ಬಾಯ್ಮುಚ್ಚು," ಎಂದರು ಮುಂದೆ ಹೋಗುತ್ತಿದ್ದ ಚಿಕ್ಕಬಸಮ್ಮ, ತಿರುಗಿ ನೋಡದೆ. "ಅವಳು ಬ್ಯಾರೆ ಏನಾರಾ ಅಂದಿದ್ರೆ ನಾಳಿಕೆ ಅವಳ ಮಾತ ನಾಯಿನೂ ಕೇಳ್ತಿರ್ನಿಲ್ಲ."

ಬೆಳಗ್ಗೆ ಹಿತ್ತಲ ಒಲೆ ಹತ್ತಲಿಲ್ಲ. ಚಿಕ್ಕಬಸಮ್ಮ ಸೀರೆ ಎತ್ತಿ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಬುತ್ತಿಗೆ ಏನು ಮಾಡಿದ್ದೀಯೆ?"

"ರೊಟ್ಟಿ, ಹುಚ್ಚೆಳ್ಳು ಚಟ್ನಿ," ಎಂದಳು ಕೋಮಲ.

"ಎರಡು ಜಾಸ್ತಿ ಮಡಗು. ಮಾದಮ್ಮನೂ ಬತ್ತಾಳೆ."

ಕೋಮಲ ಮುಖ ತಿರುಗಿಸಿಕೊಂಡು ರೊಟ್ಟಿ ಕಟ್ಟಿದಳು. ಪುಟ್ಟಬಸವಯ್ಯ ಜಗಲಿಯ ಮೇಲೆ ಕೂತು, ಇಬ್ಬರೂ ಒಟ್ಟಿಗೆ ಹೊರಟದ್ದನ್ನು ನೋಡಿ ಲೋಟದ ಕಷಾಯವನ್ನು ಗಿಡದ ಬುಡಕ್ಕೆ ಚೆಲ್ಲಿದರು.

ಕಲ್ಲಿನ ರಾಶಿ ಗುಡ್ಡದ ಬುಡದಲ್ಲಿತ್ತು, ಕಟ್ಟೆ ಹಳ್ಳದ ತಿರುವಿನಲ್ಲಿ. ನಡುವೆ ಉತ್ತ ಹೊಲ. ಚಿಕ್ಕಮಾದಮ್ಮ ತನ್ನ ಮೇಕೆಗಳ ದಂಡಕ್ಕೆ ಆಗಲೇ ಬಂದಿದ್ದಳು. ದಂಡೆಯ ಮೇಲೆ ಊರಿನ ಅರ್ಧ ಜನ ಕೆಲಸ ಬಿಟ್ಟು ನಿಂತಿದ್ದರು. ಗೌಡಿಕೆಯ ಮನೆಯ ಹಿರಿಯ ಹೆಂಗಸು ಕಲ್ಲು ಹೊರುವುದನ್ನು ಅವರು ಯಾರೂ ಕಂಡವರಲ್ಲ. ಬಸವ ಬೇಲಿಯ ಆಚೆ ಕವನಳ ಕೈಯಿಂದ ಹುಲ್ಲು ತಿನ್ನುತ್ತಾ ನಿಂತಿತ್ತು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ.

ಚಿಕ್ಕಬಸಮ್ಮ ಬಿದಿರಿನ ಮಂಕರಿ ಮುಂದಿಟ್ಟುಕೊಂಡು ಬಗ್ಗಿದರು. ಅವರ ತಲೆಯ ಮೇಲೆ ಬರೀ ಸೆರಗಿತ್ತು.

"ಅಂಗೇ ಹೊರ್ಬ್ಯಾಡಿ ಅವ್ವಾರೆ, ನೆತ್ತಿ ಬಿರ್ದೋಯ್ತದೆ," ಎಂದಳು ಚಿಕ್ಕಮಾದಮ್ಮ. ತನ್ನ ತಲೆಯ ಮೇಲಿದ್ದ ಹಳೇ ಸೀರೆಯ ಸಿಂಬಿಯನ್ನು ತೆಗೆದು ಹಿಡಿದಳು. ಹಿಡಿದವಳು, ಕೆಳಗಿನ ಬೀದಿಯವಳ ತಲೆಬಟ್ಟೆಯನ್ನು ಅವರಿಗೆ ಕೊಡಲೋ ಬೇಡವೋ ಎಂದು ಅಲ್ಲೇ ನಿಂತಳು. ದಂಡೆಯ ಮೇಲಿದ್ದವರು ಕತ್ತು ಚಾಚಿದರು.

ಚಿಕ್ಕಬಸಮ್ಮ ಅದನ್ನು ನೋಡಿದರು, ಅವಳನ್ನು ನೋಡಿದರು.

"ಮಡಗು," ಎಂದು ತಲೆ ಬಗ್ಗಿಸಿದರು.

ಚಿಕ್ಕಮಾದಮ್ಮ ಸಿಂಬಿಯನ್ನು ಅವರ ನೆತ್ತಿಯ ಮೇಲೆ ಒತ್ತಿ ಕೂರಿಸಿದಳು. ತನ್ನ ತಲೆಗೆ ಸೆರಗಿನ ಚುಂಗನ್ನೇ ಸುತ್ತಿಕೊಂಡಳು.

ಮಂಕರಿಗೆ ಕಲ್ಲು ತುಂಬಿಸುವ ಕೆಲಸ ಕಾರ್ಯದರ್ಶಿಯದು. ಕೋಮಲ ರಾಶಿಯಲ್ಲಿ ಹುಡುಕಿ ಹುಡುಕಿ ಸಣ್ಣ ಕಲ್ಲುಗಳನ್ನು ಹಾಕತೊಡಗಿದಳು.

"ಏನೇ ಅದು?" ಎಂದರು ಅತ್ತೆ ಮೆಲ್ಲಗೆ. "ಜನ ನೋಡ್ತಾ ಅವ್ರೆ. ಮಾದಮ್ಮನ ಮಂಕರಿಗೆ ಹಾಕ್ದಷ್ಟೇ ಹಾಕು."

ಕೋಮಲ ದಪ್ಪ ಕಲ್ಲುಗಳನ್ನು ಹಾಕಿದಳು. ಕಣ್ಣಲ್ಲಿ ನೀರು ತುಂಬಿ ಮಂಕರಿಯ ಅಂಚು ಕಾಣದಾಯಿತು.

"ಅಳದು ಮನೇಲಿ ಅಳು," ಎಂದರು ಚಿಕ್ಕಬಸಮ್ಮ. "ಈಗ ಎತ್ತು."

ಕೋಮಲ ಎತ್ತಿ ಅತ್ತೆಯ ತಲೆಯ ಮೇಲಿಟ್ಟಳು.